ಮುಖಕ್ಕೆ ಹಚ್ಚುವ ರಾಸಾಯನಿಕ, ಹೊಟ್ಟೆಗೆ ಹೋಗುವ ರಾಸಾಯನಿಕ: ಯಾವುದಕ್ಕೆ ಹೆಚ್ಚು ಹೆದರಬೇಕು?

ಶಿರಸಿಯ ಗೃಹಿಣಿ

ನಮ್ಮ ಮನೆಯಲ್ಲಿ ಮಗಳಿಗೂ ಅವಳ ಅಜ್ಜಿಗೂ ನಡೆಯುತ್ತಿರುವ ವಾದವೊಂದನ್ನು ತಿಳಿದವರ ಮುಂದೆ ಇಡುತ್ತಿದ್ದೇನೆ. ಕೆಡದಂತೆ ಕಾಪಾಡಲು ಸೇರಿಸುವ ಪ್ಯಾರಾಬೆನ್ ಎಂಬ ಸಂರಕ್ಷಕ ಇರುವ ಶಾಂಪೂ, ಕ್ರೀಮು ಯಾವುದನ್ನೂ ಇನ್ನು ಮನೆಗೆ ತರಬಾರದು ಎಂದು ಕಾಲೇಜಿಗೆ ಹೋಗುವ ಮಗಳು ಹಟ ಹಿಡಿದಿದ್ದಾಳೆ. ಹಚ್ಚಿಕೊಂಡದ್ದು ತೊಳೆದರೆ ಹೋಗುತ್ತದೆ, ತಿಂದದ್ದು ಮೈಗೆ ಹತ್ತುತ್ತದೆ, ಆದ್ದರಿಂದ ಮೊದಲು ಬಿಡಬೇಕಾದದ್ದು ಪೇಟೆಯ ಕೆಂಪು ಗೋಬಿ ಮಂಚೂರಿಯನ್ನು ಎಂಬುದು ಅತ್ತೆಯವರ ಮಾತು. ಎರಡರಲ್ಲೂ ಹುರುಳಿದೆ ಎನ್ನಿಸುತ್ತದೆ, ಆದರೆ ಯಾವುದಕ್ಕೆ ಎಷ್ಟು ತೂಕ ಕೊಡಬೇಕೆಂದು ತಿಳಿಯುತ್ತಿಲ್ಲ.

2024ರ ಮಾರ್ಚ್‌ನಲ್ಲಿ ರಾಜ್ಯ ಸರಕಾರವು ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಬಣ್ಣ ಹಾಕುವುದನ್ನು ನಿಷೇಧಿಸಿತು. ನಮ್ಮೂರಿನ ಮಾರಿಕಾಂಬಾ ಜಾತ್ರೆ ನಡೆದದ್ದೂ ಅದೇ ತಿಂಗಳಿನಲ್ಲಿ. ಜಾತ್ರೆಯ ಪೇಟೆಯಲ್ಲಿ ಒಂದು ಬದಿಗೆ ತಿಂಡಿಯ ಅಂಗಡಿಗಳಿದ್ದರೆ ಇನ್ನೊಂದು ಬದಿಗೆ ಬಳೆ, ಕುಂಕುಮ, ಲಿಪ್‌ಸ್ಟಿಕ್, ನೈಲ್ ಪಾಲಿಷ್‌ಗಳ ಅಂಗಡಿಗಳಿರುತ್ತವೆ. ತಿಂಡಿಯ ಬಣ್ಣದ ಬಗ್ಗೆ ಎಲ್ಲರೂ ಮಾತನಾಡಿದರು. ಎದುರಿನ ಸಾಲಿನಲ್ಲಿ ಪೊಟ್ಟಣ ಕಟ್ಟಿ ಮಾರುತ್ತಿದ್ದ ಕುಂಕುಮದ ಬಣ್ಣ ಯಾವುದೆಂದು ಒಬ್ಬರೂ ಕೇಳಲಿಲ್ಲ. ಹಚ್ಚುವ ವಸ್ತುಗಳ ಕಾನೂನು ಸಡಿಲವಾಗಿದೆಯೇ, ಅಥವಾ ಅವುಗಳಿಂದ ಅಪಾಯವೇ ಕಡಿಮೆಯೇ?

ಕಾರವಾರದ ರಸಾಯನಶಾಸ್ತ್ರ ಉಪನ್ಯಾಸಕ

ಅಕ್ಕ, ನೀವು ಕೇಳಿದ್ದರಲ್ಲಿ ಎರಡು ಪ್ರಶ್ನೆಗಳಿವೆ. ಒಂದು ವಸ್ತುವಿನ ಅಪಾಯಕ್ಕೆ ಸಂಬಂಧಿಸಿದ್ದು, ಇನ್ನೊಂದು ಅದರ ಮೇಲೆ ಯಾರ ಕಣ್ಣಿದೆ ಎಂಬುದಕ್ಕೆ ಸಂಬಂಧಿಸಿದ್ದು. ಮೊದಲನೆಯದರಿಂದ ಆರಂಭಿಸುತ್ತೇನೆ.

ಆಹಾರಕ್ಕೆ ಸೇರಿಸುವ ವಸ್ತುಗಳನ್ನು ಅಳೆಯುವ ಕ್ರಮ ಹಳೆಯದು. ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿಯು 1956ರಿಂದ ಈ ಕೆಲಸ ಮಾಡುತ್ತಿದೆ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಯಾವ ಕೆಡುಕೂ ಕಾಣದ ಪ್ರಮಾಣವನ್ನು ಹಿಡಿದು, ಸಾಮಾನ್ಯವಾಗಿ ಅದರ ನೂರರಲ್ಲಿ ಒಂದು ಪಾಲನ್ನು, ಮನುಷ್ಯನು ಜೀವನಪೂರ್ತಿ ದಿನವೂ ಸೇವಿಸಬಹುದಾದ ಮಿತಿಯೆಂದು ಸಮಿತಿ ಗೊತ್ತುಪಡಿಸುತ್ತದೆ. ಸನ್‌ಸೆಟ್ ಯೆಲ್ಲೋ ಎಂಬ ಕಿತ್ತಳೆ ಬಣ್ಣಕ್ಕೆ ಈ ಮಿತಿ ದೇಹದ ತೂಕದ ಪ್ರತಿ ಕಿಲೋಗೆ 4 ಮಿಲಿಗ್ರಾಂ. 15 ಕಿಲೋ ತೂಕದ ಮಗುವಿಗೆ ದಿನಕ್ಕೆ 60 ಮಿಲಿಗ್ರಾಂ ಎಂದಾಯಿತು. ಈ ಬಣ್ಣಕ್ಕೆ ಅನುಮತಿ ಇರುವ ತಿನಿಸುಗಳಲ್ಲಿ ನಮ್ಮ ಕಾನೂನು ಸಾಮಾನ್ಯವಾಗಿ ಕಿಲೋಗೆ 100 ಮಿಲಿಗ್ರಾಂ ಮೀರಲು ಬಿಡುವುದಿಲ್ಲ. ಹಾಗಾದರೆ ಆ ಮಗು ತನ್ನ ಮಿತಿಯನ್ನು ಮುಟ್ಟಲು ಅಂಥ ತಿನಿಸನ್ನು ದಿನಕ್ಕೆ 600 ಗ್ರಾಂ ತಿನ್ನಬೇಕು. ಆದರೆ ಗಾಡಿಯವನು ಅಳತೆಯಿಲ್ಲದೆ ಅರ್ಧ ಗ್ರಾಂ ಪುಡಿಯನ್ನು ಒಂದು ಕಿಲೋ ಹಿಟ್ಟಿಗೆ ಉದುರಿಸಿದರೆ ಪ್ರಮಾಣ ಐದು ಪಟ್ಟಾಗುತ್ತದೆ, ಮತ್ತು 120 ಗ್ರಾಂನ ಒಂದು ಸಣ್ಣ ಪ್ಲೇಟು ಮಗುವಿನ ಇಡೀ ದಿನದ ಮಿತಿಯನ್ನು ತುಂಬಿಸುತ್ತದೆ. ಅದೂ ಅನುಮತಿ ಇರುವ ಬಣ್ಣವಾಗಿದ್ದರೆ ಮಾತ್ರ ಈ ಲೆಕ್ಕ. ರೋಡಮೈನ್ ಬಿ ಬಟ್ಟೆಗೆ ಹಾಕುವ ಬಣ್ಣ. ಅದಕ್ಕೆ ಆಹಾರದಲ್ಲಿ ಯಾವ ಮಿತಿಯೂ ಇಲ್ಲ, ಇರಲೇಕೂಡದು. ರಾಜ್ಯದಲ್ಲಿ ಆಗ ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣಗಳು ಸಿಕ್ಕವು. ಅತ್ತೆಯವರ ಆತಂಕಕ್ಕೆ ಆಧಾರವಿದೆ.

ಚರ್ಮದ ಲೆಕ್ಕ ಬೇರೆ. ಹೊರಪದರವು ದೊಡ್ಡ ಅಣುಗಳನ್ನು ತಡೆಯುತ್ತದೆ, ಸಣ್ಣವು ಮತ್ತು ಜಿಡ್ಡಿನಲ್ಲಿ ಕರಗುವವು ಒಳಕ್ಕೆ ಇಳಿಯುತ್ತವೆ. ಸನ್‌ಸ್ಕ್ರೀನಿನ ಕೆಲವು ರಾಸಾಯನಿಕಗಳು ರಕ್ತದಲ್ಲಿ ಕಾಣಿಸಿಕೊಳ್ಳುತ್ತವೆ ಎಂಬುದನ್ನು ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆಯ ವಿಜ್ಞಾನಿಗಳೇ 2019 ಮತ್ತು 2020ರಲ್ಲಿ ತೋರಿಸಿದರು. ರಕ್ತಕ್ಕೆ ಸೇರಿತೆಂದ ಮಾತ್ರಕ್ಕೆ ಕೆಡುಕಾಯಿತೆಂದು ಅರ್ಥವಲ್ಲ, ಆದರೆ ತೊಳೆದರೆ ಎಲ್ಲವೂ ಹೋಗುತ್ತದೆ ಎಂಬ ಮಾತು ನಿಲ್ಲುವುದಿಲ್ಲ.

ಇನ್ನು ಮಗಳ ಪ್ಯಾರಾಬೆನ್. 2004ರಲ್ಲಿ ಬ್ರಿಟನ್ನಿನ ಸಂಶೋಧಕರು ಸ್ತನದ ಗಡ್ಡೆಗಳಲ್ಲಿ ಪ್ಯಾರಾಬೆನ್ ಪತ್ತೆ ಮಾಡಿದಾಗಿನಿಂದ ಈ ಭಯ ಹಬ್ಬಿದೆ. ಆ ಅಧ್ಯಯನದಲ್ಲಿ ಆರೋಗ್ಯವಂತ ಅಂಗಾಂಶದ ಹೋಲಿಕೆ ಇರಲಿಲ್ಲ, ಕಾರಣ-ಪರಿಣಾಮವೂ ಸಿದ್ಧವಾಗಲಿಲ್ಲ. ಯುರೋಪು ಪ್ರೊಪೈಲ್ ಪ್ಯಾರಾಬೆನ್ನನ್ನು 2006ರಲ್ಲಿ ಆಹಾರದ ಪಟ್ಟಿಯಿಂದ ಕೈಬಿಟ್ಟಿತು. ಸೌಂದರ್ಯವರ್ಧಕಗಳಲ್ಲಿ 2014ರಲ್ಲಿ ಅದರ ಮಿತಿಯನ್ನು ಬ್ಯೂಟೈಲ್ ಪ್ಯಾರಾಬೆನ್ ಸೇರಿ ಶೇ. 0.14ಕ್ಕೆ ಇಳಿಸಿತು. ಅಷ್ಟರಲ್ಲಿ ಪ್ಯಾರಾಬೆನ್ ಬಿಟ್ಟ ಅನೇಕ ಕಂಪನಿಗಳು ಮೀಥೈಲ್ ಐಸೊಥಯಾಜೊಲಿನೋನ್ ಎಂಬ ಸಂರಕ್ಷಕದ ಕಡೆಗೆ ಹೊರಳಿದ್ದವು. ಅದರಿಂದ ಎಷ್ಟು ಜನರಿಗೆ ಚರ್ಮದ ಅಲರ್ಜಿ ಬಂತೆಂದರೆ, ತೊಳೆಯದೆ ಮೈಮೇಲೆ ಉಳಿಯುವ ಕ್ರೀಮುಗಳಲ್ಲಿ ಯುರೋಪು ಅದನ್ನು 2017ರಿಂದ ನಿಷೇಧಿಸಬೇಕಾಯಿತು. ಡಬ್ಬಿಯ ಮೇಲೆ ‘ಪ್ಯಾರಾಬೆನ್ ರಹಿತ’ ಎಂದು ಕಂಡಾಗ ಅದರ ಬದಲಿಗೆ ಏನು ಹಾಕಿದ್ದಾರೆ ಎಂದು ಓದುವುದು ಮಗಳು ಕಲಿಯಬೇಕಾದ ಅಭ್ಯಾಸ. ನೀರಿರುವ ಕ್ರೀಮಿಗೆ ಯಾವುದಾದರೊಂದು ಸಂರಕ್ಷಕ ಬೇಕೇ ಬೇಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದಿಲ್ಲದ ಕ್ರೀಮಿನಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯಲು ಹೆಚ್ಚು ದಿನ ಬೇಕಾಗುವುದಿಲ್ಲ.

ಯಲ್ಲಾಪುರದ ಓದುಗ

ಮಾಸ್ತರರೇ, ಇಷ್ಟೆಲ್ಲ ಲೆಕ್ಕ ಏಕೆ ಬೇಕು? ಶೀಗೆಕಾಯಿ, ಅಂಟುವಾಳ, ಕೊಬ್ಬರಿ ಎಣ್ಣೆ, ಮನೆಯ ಅಡುಗೆ ಇವಿಷ್ಟಕ್ಕೆ ಮರಳಿದರೆ ಸಮಸ್ಯೆಯೇ ಇರುವುದಿಲ್ಲ. ನಮ್ಮ ಹಿರಿಯರು ರಾಸಾಯನಿಕವಿಲ್ಲದೆಯೇ ಬಾಳಿದವರು.

ಸಿದ್ದಾಪುರದ ಅಡಿಕೆ ಬೆಳೆಗಾರ

ಶೀಗೆಕಾಯಿಯ ಬಗ್ಗೆ ನನಗೂ ಗೌರವವಿದೆ, ನಮ್ಮ ಮನೆಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಆದರೆ ತೋಟದಲ್ಲಿ ಬೆಳೆದದ್ದೆಂಬ ಒಂದೇ ಕಾರಣಕ್ಕೆ ನಿರುಪದ್ರವಿ ಎನ್ನುವುದಾದರೆ ಅಡಿಕೆಯನ್ನು ಎಲ್ಲಿ ಇಡುತ್ತೀರಿ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ, ತಂಬಾಕು ಸೇರದ ಬರಿಯ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿತು. ನಮ್ಮ ಹೊಟ್ಟೆ ತುಂಬಿಸುವ ಬೆಳೆಯ ಬಗ್ಗೆ ಇದನ್ನು ಬರೆಯುವುದು ನನಗೆ ಸುಲಭವಲ್ಲ, ಆ ವರದಿಯ ಬಗ್ಗೆ ಬೆಳೆಗಾರರಲ್ಲಿ ತಕರಾರುಗಳೂ ಇವೆ. ಆದರೆ ಪರರ ಶಾಂಪೂವಿಗೆ ಒಂದು ಅಳತೆಗೋಲು, ನಮ್ಮ ಅಡಿಕೆಗೆ ಇನ್ನೊಂದು ಎಂಬುದು ನ್ಯಾಯವಲ್ಲ. ಆ ಗುಂಪುಗಳು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತವೆಯೇ ಹೊರತು ವಿಷ ಎಷ್ಟು ತೀಕ್ಷ್ಣ ಎಂಬುದನ್ನಲ್ಲ ಎಂಬ ಮಾತನ್ನೂ ಇದರ ಜೊತೆಗೇ ತಿಳಿದಿರಬೇಕು.

ಹಚ್ಚುವುದು ಮತ್ತು ತಿನ್ನುವುದು ಎಂಬ ಗೆರೆ ನಮ್ಮ ಮನೆಗಳಲ್ಲಿ ಎಂದೂ ಸ್ಪಷ್ಟವಾಗಿರಲಿಲ್ಲ. ಮುರುಗಲ ಬೀಜದಿಂದ ತೆಗೆದ ತುಪ್ಪವನ್ನು ಉಂಡೆ ಕಟ್ಟಿ ಇಟ್ಟುಕೊಂಡು, ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೂ ತುಟಿಗೂ ಹಚ್ಚುತ್ತೇವೆ, ಬೇಕಾದಾಗ ಊಟಕ್ಕೂ ಬಳಸುತ್ತೇವೆ. ಕಾನೂನಿಗೆ ಮಾತ್ರ ಅದು ಯಾವುದೆಂದು ತೀರ್ಮಾನವಾಗಲೇಬೇಕು. ಸಣ್ಣ ಬಾಟಲಿಯ ಶುದ್ಧ ಕೊಬ್ಬರಿ ಎಣ್ಣೆ ಅಡುಗೆ ಎಣ್ಣೆಯೋ ಕೂದಲೆಣ್ಣೆಯೋ ಎಂಬ ತೆರಿಗೆಯ ವ್ಯಾಜ್ಯ ವರ್ಷಗಟ್ಟಲೆ ನಡೆದು, ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಆಹಾರದ ಮಾನದಂಡಕ್ಕೆ ಒಳಪಟ್ಟು ಖಾದ್ಯತೈಲವೆಂದು ಮಾರುವುದಾದರೆ, ಬಾಟಲಿ ಸಣ್ಣದೆಂಬ ಕಾರಣಕ್ಕೆ ಅದು ಕೂದಲೆಣ್ಣೆಯಾಗುವುದಿಲ್ಲ ಎಂದಿತು.

ಅಂಕೋಲೆಯ ಮೀನು ವ್ಯಾಪಾರಿ

ಎಲ್ಲರೂ ಬಣ್ಣದ ಬಗ್ಗೆ ಹೇಳಿದಿರಿ, ಫಾರ್ಮಾಲಿನ್ ಬಗ್ಗೆ, ಅಂದರೆ ಫಾರ್ಮಾಲ್ಡಿಹೈಡನ್ನು ನೀರಿನಲ್ಲಿ ಕರಗಿಸಿದ ದ್ರಾವಣದ ಬಗ್ಗೆ, ನಾನು ಹೇಳಬೇಕು. 2018ರ ಜುಲೈಯಲ್ಲಿ ಮಡಗಾಂವದ ಸಗಟು ಮಾರುಕಟ್ಟೆಯ ಮೀನಿನಲ್ಲಿ ಫಾರ್ಮಾಲಿನ್ ಇದೆಯೆಂಬ ಗದ್ದಲ ಎದ್ದಿತು, ಮುಂದೆ ಗೋವಾ ಸರಕಾರ ಹೊರರಾಜ್ಯದ ಮೀನಿಗೆ ನಿರ್ಬಂಧ ಹೇರಿತು. ಬೆಳಗಿನ ಜಾವ ಹಿಡಿದ ಬಂಗಡೆಯನ್ನು ಮಂಜುಗಡ್ಡೆಯಲ್ಲಿಟ್ಟು ಗಡಿ ದಾಟಿಸುತ್ತಿದ್ದ ಕಾರವಾರ ಭಾಗದ ವ್ಯಾಪಾರಿಗಳೂ, ನೂರಾರು ಮೈಲು ದೂರದಿಂದ ಹಳೆಯ ಮೀನು ತರುವವರೂ ಒಂದೇ ನಿಯಮದಡಿ ಸಿಕ್ಕಿಬಿದ್ದರು.

ಎರಡು ಸಂಗತಿಗಳನ್ನು ಗಿರಾಕಿಗಳು ತಿಳಿಯಬೇಕು. ಮೀನು ಸತ್ತ ಮೇಲೆ ಅದರ ಮಾಂಸದಲ್ಲಿರುವ ಒಂದು ಸಹಜ ವಸ್ತು ಒಡೆದು ಸ್ವಲ್ಪ ಫಾರ್ಮಾಲ್ಡಿಹೈಡ್ ತಾನಾಗಿಯೇ ಹುಟ್ಟುತ್ತದೆ. ಕೆಲವು ಜಾತಿಗಳಲ್ಲಿ ಇದು ಹೆಚ್ಚು, ಆದ್ದರಿಂದಲೇ ಆಹಾರ ಸುರಕ್ಷತಾ ಪ್ರಾಧಿಕಾರವು ಜಾತಿಗೆ ತಕ್ಕಂತೆ ಬೇರೆ ಬೇರೆ ಮಿತಿಗಳನ್ನು ಇಟ್ಟಿದೆ. ಬೇಕೆಂದೇ ಸುರಿಯುವುದು ಮಾತ್ರ ಅಪರಾಧ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ತಯಾರಿಸಿದ ಕಾಗದದ ಪಟ್ಟಿಯನ್ನು ಮೀನಿನ ಮೇಲೆ ಒರೆಸಿ ಹನಿ ದ್ರಾವಣ ಹಾಕಿದರೆ ಬಣ್ಣ ಬದಲಾಗಿ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಇಂಥ ಪಟ್ಟಿಗಳು ಪ್ರತಿ ಮೀನು ಮಾರುಕಟ್ಟೆಯಲ್ಲೂ ಇರಬೇಕೆಂಬುದು ನಮ್ಮ ಒತ್ತಾಯ, ಏಕೆಂದರೆ ಅನುಮಾನದಿಂದ ಮೊದಲು ಸಾಯುವುದು ಪ್ರಾಮಾಣಿಕ ವ್ಯಾಪಾರ.

ಎರಡನೆಯದು ಹೆಚ್ಚು ಮುಖ್ಯ. ಫಾರ್ಮಾಲಿನ್ ಹಾಕುವವನ ಉದ್ದೇಶ ಹಳಸಿದ್ದನ್ನು ತಾಜಾ ಎಂದು ತೋರಿಸುವುದು. ಬಂಗಡೆ, ತಾರ್ಲೆ, ಸೂರೆ ಇಂಥ ಮೀನುಗಳು ಮಂಜುಗಡ್ಡೆಯಿಲ್ಲದೆ ಬಿದ್ದಿದ್ದರೆ ಅವುಗಳಲ್ಲಿ ಹಿಸ್ಟಮೈನ್ ಉತ್ಪತ್ತಿಯಾಗುತ್ತದೆ. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗಿ, ಮೈಯೆಲ್ಲ ತುರಿಸಿ, ತಲೆನೋವು ಬರುತ್ತದೆ. ಬೇಯಿಸಿದರೂ ಅದು ನಾಶವಾಗುವುದಿಲ್ಲ.

ಕುಮಟೆಯ ಬ್ಯೂಟಿ ಪಾರ್ಲರ್ ನಡೆಸುವಾಕೆ

ಅಂಕೋಲೆಯ ಅಣ್ಣ ಹೇಳಿದ ಅದೇ ರಾಸಾಯನಿಕ ನನ್ನ ಕೋಣೆಯೊಳಗೂ ಇದೆ, ಮತ್ತು ಅಲ್ಲಿ ಅದನ್ನು ಹುಡುಕಲು ಯಾರೂ ಪಟ್ಟಿ ಹಿಡಿದು ಬರುವುದಿಲ್ಲ. ಮದುವೆಯ ಹಂಗಾಮಿನಲ್ಲಿ ಹುಡುಗಿಯರು ಕೂದಲು ನೇರ ಮಾಡಿಸಲು ಬರುತ್ತಾರೆ. ಕೆರಾಟಿನ್ ಎಂದು ಕರೆಯುವ ಆ ದ್ರಾವಣವನ್ನು ಹಚ್ಚಿ, ಒಣಗಿಸಿ, ಸುಮಾರು 200 ಡಿಗ್ರಿ ಬಿಸಿಯಾದ ಇಸ್ತ್ರಿಯಿಂದ ಎಳೆ ಎಳೆಯಾಗಿ ಒತ್ತುವಾಗ ಎದ್ದು ಬರುವ ಹೊಗೆಗೆ ಕಣ್ಣು ಉರಿಯುತ್ತದೆ, ಗಂಟಲು ಕಟ್ಟುತ್ತದೆ. ಅನೇಕ ದ್ರಾವಣಗಳಲ್ಲಿ ಆ ಹೊಗೆಯೊಳಗೆ ಇರುವುದು ಫಾರ್ಮಾಲ್ಡಿಹೈಡ್. ಡಬ್ಬಿಯ ಮೇಲೆ ಆ ಹೆಸರು ಇರಲೇಬೇಕೆಂದಿಲ್ಲ. ಮೆಥಿಲೀನ್ ಗ್ಲೈಕಾಲ್ ಎಂದಿದ್ದರೂ ಬಿಸಿಗೆ ಹೊರಬರುವುದು ಅದೇ. ‘ಫಾರ್ಮಾಲಿನ್ ರಹಿತ’ ಎಂದು ಬರೆದು ಗ್ಲೈಆಕ್ಸಿಲಿಕ್ ಆಮ್ಲ ಹಾಕಿದ ದ್ರಾವಣಗಳೂ ಬಂದಿವೆ. ಅಂಥದ್ದನ್ನು ಬಳಸಿದ ಮೇಲೆ ಒಬ್ಬ ಯುವತಿಯ ಮೂತ್ರಪಿಂಡಕ್ಕೆ ಮತ್ತೆ ಮತ್ತೆ ಹಾನಿಯಾದುದನ್ನು ಫ್ರಾನ್ಸಿನ ವೈದ್ಯರು 2024ರಲ್ಲಿ ವರದಿ ಮಾಡಿದರು.

ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ ಎಂದು ತೀರ್ಮಾನವಾದದ್ದು ಬಹುಪಾಲು ಅದನ್ನು ಉಸಿರಾಡಿದ ಕೆಲಸಗಾರರ ಅಧ್ಯಯನಗಳಿಂದ ಎಂದು ಓದಿದ್ದೇನೆ. ಹಾಗಿದ್ದರೆ ಮೀನಿನಲ್ಲಿ ಅದರ ಕುರುಹು ಸಿಕ್ಕಾಗ ರಾಜ್ಯಗಳ ಗಡಿಯೇ ಮುಚ್ಚಿತು, ಕಿಟಕಿ ಮುಚ್ಚಿದ ಏ.ಸಿ. ಕೋಣೆಯಲ್ಲಿ ದಿನವಿಡೀ ಅದನ್ನು ಉಸಿರಾಡುವ ಪಾರ್ಲರಿನ ಹುಡುಗಿಯ ಬಗ್ಗೆ ಯಾರೂ ಕೇಳಲಿಲ್ಲ. ಗಿರಾಕಿ ವರ್ಷಕ್ಕೊಮ್ಮೆ ಬರುತ್ತಾಳೆ. ಕೆಲಸ ಮಾಡುವ ಹುಡುಗಿ ದಿನವೂ ಅಲ್ಲಿಯೇ ಇರುತ್ತಾಳೆ. ನಾನು ಆ ಸೇವೆಯನ್ನು ನಿಲ್ಲಿಸಿದ್ದೇನೆ. ಆದಾಯ ಕಡಿಮೆಯಾಗಿದೆ, ಆದರೆ ನನ್ನ ಬಳಿ ಕೆಲಸಕ್ಕಿರುವವರು ನನ್ನ ತಂಗಿಯರ ವಯಸ್ಸಿನವರು.

ಕಾರವಾರದ ರಸಾಯನಶಾಸ್ತ್ರ ಉಪನ್ಯಾಸಕ

ಕುಮಟೆಯ ತಂಗಿ ಬರೆದದ್ದು ಈ ಇಡೀ ಚರ್ಚೆಯ ತಿರುಳನ್ನು ಮುಟ್ಟಿದೆ. ಅಪಾಯವನ್ನು ನಿರ್ಧರಿಸುವುದು ರಾಸಾಯನಿಕದ ಹೆಸರಲ್ಲ. ಅದು ಯಾವ ದಾರಿಯಿಂದ, ಎಷ್ಟು, ಎಷ್ಟು ಕಾಲ ಒಳಗೆ ಹೋಯಿತು ಎಂಬುದು. ಅದೇ ಕಾರಣಕ್ಕೆ ಒಂದೇ ವಸ್ತು ಒಂದು ಕಡೆ ನಿಷಿದ್ಧ, ಇನ್ನೊಂದು ಕಡೆ ಮಾನ್ಯವಾಗಿರುವುದು ಕೆಲವೊಮ್ಮೆ ಸರಿ. ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಯುರೋಪು 2022ರಲ್ಲಿ ಆಹಾರದಿಂದ ತೆಗೆದುಹಾಕಿತು, ಆದರೆ ಸನ್‌ಸ್ಕ್ರೀನಿನಲ್ಲಿ ಅದು ಮುಂದುವರಿದಿದೆ, ಏಕೆಂದರೆ ಗಾಯವಿಲ್ಲದ ಚರ್ಮವನ್ನು ಅದು ದಾಟುವುದಿಲ್ಲ. ಇನ್ನು ಕೆಲವೊಮ್ಮೆ ವ್ಯತ್ಯಾಸಕ್ಕೆ ತರ್ಕವೇ ಇರುವುದಿಲ್ಲ. ಎರಿಥ್ರೋಸಿನ್ ಎಂಬ ಕೆಂಪು ಬಣ್ಣ ಇಲಿಗಳಲ್ಲಿ ಥೈರಾಯ್ಡ್ ಗಡ್ಡೆ ತರುತ್ತದೆಂದು ಅಮೆರಿಕ ಅದನ್ನು 1990ರಲ್ಲಿಯೇ ಸೌಂದರ್ಯವರ್ಧಕಗಳಿಂದ ತೆಗೆಯಿತು; ತಿನಿಸುಗಳಿಂದ ತೆಗೆಯುವ ಆದೇಶ ಬಂದದ್ದು 2025ರ ಜನವರಿಯಲ್ಲಿ. ತುಟಿಗೆ ಹಚ್ಚಲು ಬಾರದ ಬಣ್ಣವನ್ನು ಮಕ್ಕಳು ಮೂವತ್ತೈದು ವರ್ಷ ತಿಂದರು. ಭಾರತದ ಆಹಾರ ಬಣ್ಣಗಳ ಪಟ್ಟಿಯಲ್ಲೂ ಅದು ಸೇರಿದೆ, ಟಿನ್ನಿನಲ್ಲಿ ಬರುವ ಚೆರ್ರಿಯ ಕೆಂಪು ಹೆಚ್ಚಾಗಿ ಅದರದ್ದು.

ಮಗಳು ಲಿಪ್‌ಸ್ಟಿಕ್‌ನಲ್ಲಿ ಸೀಸ ಇದೆಯೆಂದೂ ಓದಿರಬಹುದು, ಅದಕ್ಕೂ ಒಂದು ಲೆಕ್ಕ ಕೊಡುತ್ತೇನೆ. ಒಬ್ಬಳು ದಿನಕ್ಕೆ ಬಳಸುವ ಲಿಪ್‌ಸ್ಟಿಕ್ ಸುಮಾರು 57 ಮಿಲಿಗ್ರಾಂ ಎಂದು ಯುರೋಪಿನ ವೈಜ್ಞಾನಿಕ ಸಮಿತಿ ಹಿಡಿಯುತ್ತದೆ, ಅಷ್ಟನ್ನೂ ನುಂಗಿದಳೆಂದೇ ಭಾವಿಸುತ್ತದೆ. ನಮ್ಮಲ್ಲಿ ಸೌಂದರ್ಯವರ್ಧಕದ ಬಣ್ಣಕ್ಕೆ ಸೀಸದ ಮಿತಿ 20 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 20 ಪಾಲು. ಇಡೀ ಲಿಪ್‌ಸ್ಟಿಕ್ಕೇ ಆ ಮಿತಿಯಷ್ಟು ಕೆಟ್ಟಿದೆಯೆಂದು ಹಿಡಿದರೂ ದಿನಕ್ಕೆ 1.14 ಮೈಕ್ರೋಗ್ರಾಂ ಸೀಸ ಹೋಗುತ್ತದೆ. ಅರಿಶಿನ ಪುಡಿಗೆ ಆಹಾರ ಕಾನೂನು ಇಟ್ಟಿರುವ ಸೀಸದ ಮಿತಿ 10 ಪಿಪಿಎಂ. ಆ ಮಿತಿಯ ಅಂಚಿನಲ್ಲಿರುವ ಅರಿಶಿನವನ್ನು ದಿನಕ್ಕೆ ಒಂದು ಗ್ರಾಂ ಬಳಸಿದರೆ 10 ಮೈಕ್ರೋಗ್ರಾಂ ಒಳಗೆ ಹೋಗುತ್ತದೆ, ಲಿಪ್‌ಸ್ಟಿಕ್‌ನ ಸುಮಾರು ಒಂಬತ್ತು ಪಟ್ಟು. ಹೊಳಪಿಗಾಗಿ ಲೆಡ್ ಕ್ರೋಮೇಟ್ ಸವರಿದ ಅರಿಶಿನವಾದರೆ ಲೆಕ್ಕವೇ ತಪ್ಪಿಹೋಗುತ್ತದೆ. ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಕ್ಕಳ ಮಿದುಳಿಗೆ ಅದರ ಪೆಟ್ಟು ಹೆಚ್ಚು. ಹಾಗಾಗಿ ಅರಿಶಿನ ಕೊಂಬು ತಂದು ಮನೆಯಲ್ಲಿ ಪುಡಿ ಮಾಡುವ ಹಳೆಯ ರೂಢಿಯನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಆದರೆ ಅದೇ ಹಳೆಯ ರೂಢಿಯ ಹೆಸರಿನಲ್ಲಿ ಎಳೆಯ ಕೂಸಿನ ಕಣ್ಣಿಗೆ ಬಿಡಿಯಾಗಿ ಸಿಗುವ ಸುರ್ಮಾ ಹಚ್ಚುವುದನ್ನು ಕಟುವಾಗಿ ವಿರೋಧಿಸುತ್ತೇನೆ. ಆ ಪುಡಿ ಅನೇಕ ವೇಳೆ ಸೀಸದ ಸಲ್ಫೈಡೇ ಆಗಿರುತ್ತದೆ, ಕೂಸು ಕಣ್ಣುಜ್ಜಿದ ಕೈಯನ್ನು ಬಾಯಿಗೆ ಹಾಕುತ್ತದೆ.

ಯಲ್ಲಾಪುರದ ಓದುಗ

ಯುರೋಪು ಸೌಂದರ್ಯವರ್ಧಕಗಳಲ್ಲಿ 1,600ಕ್ಕೂ ಹೆಚ್ಚು ವಸ್ತುಗಳನ್ನು ನಿಷೇಧಿಸಿದೆ, ಅಮೆರಿಕ ನಿಷೇಧಿಸಿರುವುದು ಹನ್ನೊಂದನ್ನು ಮಾತ್ರ ಎಂದು ಎಲ್ಲೆಡೆ ಬರೆಯುತ್ತಾರೆ. ನಮ್ಮದು ಯಾವ ಸಾಲಿಗೆ ಸೇರುತ್ತದೆ?

ಹೊನ್ನಾವರದ ಔಷಧಿ ಅಂಗಡಿಯವನು

ಆ ಎಣಿಕೆಯನ್ನೇ ನಂಬಿ ಕೂರಬೇಡಿ. ಯುರೋಪಿನ ಪಟ್ಟಿಯಲ್ಲಿ ಯಾರೂ ಮುಖಕ್ಕೆ ಹಚ್ಚುವ ಯೋಚನೆಯನ್ನೇ ಮಾಡದ ಇಂಧನ, ಕೀಟನಾಶಕಗಳೂ ಸೇರಿವೆ. ಅಮೆರಿಕವು 1938ರ ಕಾನೂನನ್ನು 2022ರಲ್ಲಿ ಬಿಗಿಗೊಳಿಸಿತು. ನಮ್ಮಲ್ಲಿ ಸೌಂದರ್ಯವರ್ಧಕಗಳು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಗೂ 2020ರ ಪ್ರತ್ಯೇಕ ನಿಯಮಗಳಿಗೂ ಒಳಪಡುತ್ತವೆ, ಯಾವ ವಸ್ತು ಸಲ್ಲದು ಎಂಬುದನ್ನು ಭಾರತೀಯ ಮಾನಕ ಬ್ಯೂರೋದ ಪಟ್ಟಿ ಹೇಳುತ್ತದೆ. ಕಾಗದದ ಮೇಲೆ ನಮ್ಮ ಕಾನೂನು ದುರ್ಬಲವಲ್ಲ. ಬಣ್ಣಕ್ಕೆ ಸೀಸ, ಆರ್ಸೆನಿಕ್ ಸಂಯುಕ್ತಗಳನ್ನು ಬಳಸುವಂತಿಲ್ಲ. ಕಣ್ಣಿನ ಭಾಗದ ಸಾಧನಗಳನ್ನು ಬಿಟ್ಟರೆ ಉಳಿದವುಗಳಲ್ಲಿ ತಿಳಿಯದೆ ಸೇರಿದ ಪಾದರಸವೂ 1 ಪಿಪಿಎಂ ಮೀರುವಂತಿಲ್ಲ. ಪ್ಯಾರಾಫಿನೈಲೀನ್ ಡೈಅಮೀನ್ ಇರುವ ಕೂದಲ ಬಣ್ಣದ ಮೇಲೆ, ಮೊದಲು ಚರ್ಮದ ಮೇಲೆ ಹಚ್ಚಿ ಪರೀಕ್ಷಿಸಬೇಕೆಂಬ ಎಚ್ಚರಿಕೆ ಸ್ಥಳೀಯ ಭಾಷೆಯಲ್ಲೂ ಇರಬೇಕು.

ಎರಡು ಕಾನೂನುಗಳ ಕಟ್ಟಡವೇ ಬೇರೆ. ಆಹಾರದಲ್ಲಿ, 2006ರ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ, ಇಂಥ ತಿನಿಸಿಗೆ ಇಂಥ ವಸ್ತುವನ್ನು ಇಷ್ಟೇ ಹಾಕಬಹುದು ಎಂದು ಪಟ್ಟಿಯಲ್ಲಿದ್ದರೆ ಮಾತ್ರ ಹಾಕಬಹುದು. ಸೌಂದರ್ಯವರ್ಧಕದಲ್ಲಿ ಬಣ್ಣ, ಸಂರಕ್ಷಕಗಳಂಥ ಕೆಲವು ವರ್ಗಗಳನ್ನು ಬಿಟ್ಟರೆ, ಬೇಡವೆಂದು ಹೇಳದ ಎಲ್ಲವನ್ನೂ ಬಳಸಬಹುದು, ಸುರಕ್ಷತೆಯ ಹೊಣೆ ತಯಾರಕನದು. ಇದಕ್ಕಿಂತ ದೊಡ್ಡ ಅಂತರ ಅಂಗಡಿಯ ಬಾಗಿಲಲ್ಲಿದೆ. ರಸ್ತೆ ಬದಿಯಲ್ಲಿ ಬಜ್ಜಿ ಕರಿಯುವವನೂ ಆಹಾರ ಸುರಕ್ಷತಾ ನೋಂದಣಿ ಮಾಡಿಸಬೇಕು. ನಾನು ಮಾತ್ರೆ ಮಾರಲು ಪರವಾನಗಿ ಬೇಕು. ಪಕ್ಕದ ಫ್ಯಾನ್ಸಿ ಸ್ಟೋರಿನಲ್ಲಿ ಕ್ರೀಮು ಮಾರಲು ಯಾವ ಪರವಾನಗಿಯೂ ಬೇಡ. ಆ ಕ್ರೀಮನ್ನು ಪರೀಕ್ಷಿಸುವ ಅಧಿಕಾರ ಇರುವುದು ಔಷಧ ಪರಿವೀಕ್ಷಕರಿಗೆ, ಅವರ ಹೊತ್ತೆಲ್ಲ ಔಷಧಗಳಿಗೇ ಸಾಲದು. ಕಾರವಾರದ ರವಿವಾರದ ಸಂತೆಯಲ್ಲಿ ಬಿಡಿ ಕುಂಕುಮ ಹಿಡಿದು ಮಾದರಿ ತೆಗೆಯುವ ಅಧಿಕಾರಿಯನ್ನು ನಾನಂತೂ ಕಂಡಿಲ್ಲ.

ಈ ಸಂದಿಯಲ್ಲಿ ನುಗ್ಗಿರುವುದು ಬೆಳ್ಳಗಾಗಿಸುವ ಕ್ರೀಮುಗಳು, ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇದಕ್ಕಿಂತ ತುರ್ತಾದದ್ದು ಬೇರೊಂದಿಲ್ಲ. ಪಾದರಸವು ಮೈಬಣ್ಣ ಹುಟ್ಟಿಸುವ ಕ್ರಿಯೆಯನ್ನೇ ತಡೆಯುತ್ತದೆ, ಆದ್ದರಿಂದ ಮುಖ ನಿಜವಾಗಿಯೂ ಬೇಗ ಬಿಳಿಚಿಕೊಳ್ಳುತ್ತದೆ. ಜನ ನಂಬುವುದೂ ಆ ಕಾರಣಕ್ಕೇ. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಮೂತ್ರದಲ್ಲಿ ಪ್ರೋಟೀನ್ ಸೋರುವ ಮೆಂಬ್ರೇನಸ್ ನೆಫ್ರೋಪತಿ ಎಂಬ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು 2021ರಿಂದ 2023ರ ನಡುವೆ ಪರಿಶೀಲಿಸಿದಾಗ, ಅವರಲ್ಲಿ 15 ಮಂದಿಗೆ ಅಪರೂಪದ ಒಂದು ಬಗೆಯ ರೋಗವಿತ್ತು, ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮು ಬಳಸಿದವರು. ಕೇರಳ ಸರಕಾರ ಅದೇ 2023ರಲ್ಲಿ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಅಂಗಡಿಗಳ ತಪಾಸಣೆ ನಡೆಸಿತು. ಬೇರೆ ದೇಶಗಳಲ್ಲಿ ವಶಪಡಿಸಿಕೊಂಡ ಇಂಥ ಕ್ರೀಮುಗಳಲ್ಲಿ ಪಾದರಸ ಸಾವಿರಾರು ಪಿಪಿಎಂ ಇದ್ದುದು ದಾಖಲಾಗಿದೆ. ಅದು ಆವಿಯಾಗಿ, ಟವೆಲ್ಲು ಹಾಸಿಗೆಗಳಿಗೆ ಅಂಟಿ, ಕ್ರೀಮು ಮುಟ್ಟದ ಮಕ್ಕಳ ಮೈಯನ್ನೂ ಸೇರುತ್ತದೆ. ಪಾದರಸದ ಮೇಲಿನ ಮಿನಾಮಾಟಾ ಒಪ್ಪಂದಕ್ಕೆ ಭಾರತವೂ ಸಹಿ ಹಾಕಿದೆ, ಪಾದರಸ ಸೇರಿಸಿದ ಸೌಂದರ್ಯವರ್ಧಕಗಳನ್ನು 2025ರೊಳಗೆ ಸಂಪೂರ್ಣ ಕೊನೆಗೊಳಿಸಬೇಕೆಂದು ಸದಸ್ಯ ದೇಶಗಳು 2023ರಲ್ಲಿ ತೀರ್ಮಾನಿಸಿವೆ.

ಇನ್ನೊಂದು ಬಗೆಯದು ಸ್ಟಿರಾಯ್ಡ್ ಕ್ರೀಮು. 2018ರಲ್ಲಿ ಕೇಂದ್ರ ಸರಕಾರ 14 ಸ್ಟಿರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದಿತು. ಆದರೂ ಮದುವೆಗೆ ಮುಂಚೆ ಮುಖ ತಿಳಿಯಾಗಲೆಂದು ಹಳೆಯ ಟ್ಯೂಬು ತೋರಿಸಿ ಕೇಳುವವರು ಬರುತ್ತಲೇ ಇರುತ್ತಾರೆ, ಕೊಡುವುದಿಲ್ಲವೆಂದಾಗ ಸಿಟ್ಟಾಗುತ್ತಾರೆ. ತಿಂಗಳುಗಟ್ಟಲೆ ಹಚ್ಚಿದ ಮುಖದಲ್ಲಿ ಚರ್ಮ ತೆಳುವಾಗಿ ರಕ್ತನಾಳಗಳು ಕೆಂಪು ದಾರದಂತೆ ಕಾಣಿಸುವುದನ್ನು ಕೌಂಟರಿನ ಈಚೆಯಿಂದಲೇ ನೋಡುತ್ತೇನೆ. ನಿಲ್ಲಿಸಿದ ಕೂಡಲೇ ಉರಿ ಹೆಚ್ಚುತ್ತದೆ, ಆ ಉರಿಗೆ ಹೆದರಿ ಮತ್ತೆ ಹಚ್ಚುತ್ತಾರೆ.

ಶಿರಸಿಯ ಗೃಹಿಣಿ

ಎಲ್ಲರಿಗೂ ನಮಸ್ಕಾರಗಳು. ಮಗಳಿಗೆ ಇದನ್ನೆಲ್ಲ ಓದಿಸಿದೆ. ಪ್ಯಾರಾಬೆನ್ ಬಗ್ಗೆ ಅವಳು ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಗೋಬಿ ಮಂಚೂರಿಯ ಮಾತಿನಲ್ಲಿ ಅಜ್ಜಿಯ ಕಡೆಗೆ ಬಂದಿದ್ದಾಳೆ. ಕೊಳ್ಳುವಾಗ ಡಬ್ಬಿಯ ಮೇಲೆ ಏನನ್ನು ನೋಡಬೇಕು, ಅನುಮಾನ ಬಂದರೆ ನಮ್ಮಂಥ ಸಾಮಾನ್ಯರು ಪರೀಕ್ಷೆ ಮಾಡಿಸಲು ಸಾಧ್ಯವೇ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಭಟ್ಕಳದ ಓದುಗಿ

ನನ್ನದೂ ಒಂದು ಪ್ರಶ್ನೆ ಇದೆ. ಪರದೇಶದಿಂದ ಬಂದವರು ಉಡುಗೊರೆಯಾಗಿ ಕೊಟ್ಟ ಒಂದು ಕ್ರೀಮನ್ನು ನನ್ನ ನಾದಿನಿ ಹಲವು ತಿಂಗಳಿಂದ ಹಚ್ಚುತ್ತಿದ್ದಾಳೆ. ಡಬ್ಬಿಯ ಮೇಲೆ ತಯಾರಕರ ವಿಳಾಸವಿಲ್ಲ, ಚಿನ್ನ ಬೆಳ್ಳಿಯ ಒಡವೆಗೆ ತಾಗಿಸಬೇಡಿ ಎಂದು ಮಾತ್ರ ಸಣ್ಣ ಅಕ್ಷರದಲ್ಲಿದೆ. ಬೆಳಿಗ್ಗೆ ಎದ್ದಾಗ ಅವಳ ಕಣ್ಣಿನ ಕೆಳಗೆ ಊತವಿರುತ್ತದೆ. ಇದು ಚಿಂತಿಸಬೇಕಾದ ವಿಷಯವೇ?

ಹೊನ್ನಾವರದ ಔಷಧಿ ಅಂಗಡಿಯವನು

ಭಟ್ಕಳದ ತಂಗಿಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಕಾಯುವ ವಿಷಯವಲ್ಲ. ಒಡವೆಗೆ ತಾಗಿಸಬೇಡಿ ಎಂಬ ಸೂಚನೆ ಪಾದರಸದ ಗುರುತುಗಳಲ್ಲಿ ಒಂದು. ಪಾದರಸ ಚಿನ್ನ, ಬೆಳ್ಳಿ, ಅಲ್ಯುಮಿನಿಯಂಗಳ ಜೊತೆ ಕೂಡಿಕೊಂಡು ಅವನ್ನು ಕೆಡಿಸುತ್ತದೆ. ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್, ಅಮೋನಿಯೇಟೆಡ್ ಮರ್ಕ್ಯುರಿ ಎಂಬ ಹೆಸರುಗಳು ಕಂಡರೂ ಅದೇ ಅರ್ಥ. ಕ್ರೀಮನ್ನು ಇಂದೇ ನಿಲ್ಲಿಸಿ ನಾದಿನಿಯನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ಕಣ್ಣಿನ ಕೆಳಗಿನ ಊತಕ್ಕೆ ಬೇರೆ ಕಾರಣಗಳೂ ಇರಬಹುದು, ಆದರೆ ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂಬ ಪರೀಕ್ಷೆ ಸರಳವಾದದ್ದು, ತಾಲೂಕು ಆಸ್ಪತ್ರೆಯಲ್ಲಿಯೇ ಆಗುತ್ತದೆ. ಕ್ರೀಮು ಹಚ್ಚಿದ ಸಂಗತಿಯನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಸಂಕೋಚದಿಂದ ಮುಚ್ಚಿಟ್ಟರೆ ಅವರು ಕಾರಣವನ್ನು ಬೇರೆಲ್ಲೋ ಹುಡುಕುತ್ತಾರೆ. ಡಬ್ಬಿಯನ್ನು ಎಸೆಯದೆ ಮುಚ್ಚಳ ಬಿಗಿದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು ವೈದ್ಯರಿಗೆ ತೋರಿಸಿ. ಮುಖ ಒರೆಸಿದ ಟವೆಲ್ಲು, ದಿಂಬಿನ ಚೀಲಗಳನ್ನು ಬೇರೆಯವರು ಬಳಸುವುದು ಬೇಡ.

ಶಿರಸಿಯ ಅಕ್ಕನಿಗೆ ಹೇಳುವುದಾದರೆ, ತಿನಿಸಿನ ಪೊಟ್ಟಣದ ಮೇಲೆ 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆ ಇರಬೇಕು. ಸೌಂದರ್ಯವರ್ಧಕದ ಮೇಲೆ ತಯಾರಕರ ಹೆಸರು ವಿಳಾಸ, ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ ಮತ್ತು ಘಟಕಗಳ ಪಟ್ಟಿ ಇರಬೇಕು. ಹೊರದೇಶದ್ದಾದರೆ ಆಮದುದಾರರ ವಿಳಾಸ ಮತ್ತು ನೋಂದಣಿ ಪ್ರಮಾಣಪತ್ರದ ಸಂಖ್ಯೆ ಇರಬೇಕು. ಇವಿಲ್ಲದ್ದನ್ನು ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬೇಡಿ.

ಪರೀಕ್ಷೆಯ ಹಕ್ಕು ಎರಡೂ ಕಾನೂನಿನಲ್ಲಿದೆ, ಬಹಳ ಜನಕ್ಕೆ ತಿಳಿದಿಲ್ಲ. ಆಹಾರ ಸುರಕ್ಷತಾ ಕಾಯ್ದೆಯ 40ನೆಯ ಕಲಮಿನ ಪ್ರಕಾರ ಕೊಂಡವರು ಶುಲ್ಕ ಕಟ್ಟಿ ಆಹಾರವನ್ನು ವಿಶ್ಲೇಷಣೆಗೆ ಕಳುಹಿಸಬಹುದು. ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 26ನೆಯ ಕಲಮಿನ ಪ್ರಕಾರ ಕ್ರೀಮನ್ನೂ ಹಾಗೆಯೇ ಸರಕಾರಿ ವಿಶ್ಲೇಷಕರಿಗೆ ಸಲ್ಲಿಸಿ ಸಹಿ ಮಾಡಿದ ವರದಿ ಪಡೆಯಬಹುದು. ಆಹಾರದ್ದಾದರೆ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗಳನ್ನು, ಕ್ರೀಮು ಕುಂಕುಮಗಳಾದರೆ ಸಹಾಯಕ ಔಷಧ ನಿಯಂತ್ರಕರ ಕಚೇರಿಯನ್ನು ಕೇಳಿ. ಕೊಂಡಾಗ ರಸೀದಿ ಪಡೆದಿರಿ, ಪೊಟ್ಟಣವನ್ನು ಒಡೆಯದೆ ಇಟ್ಟುಕೊಳ್ಳಿ. ಅರ್ಜಿಯನ್ನು ಕನ್ನಡದಲ್ಲಿಯೇ ಬರೆದು ಸ್ವೀಕೃತಿ ಪಡೆಯಿರಿ. ಮುಂದಿನ ಜಾತ್ರೆಗೆ ಮೊದಲೇ ನಾಲ್ಕಾರು ಮಹಿಳಾ ಮಂಡಲಗಳು ಬಿಡಿ ಕುಂಕುಮದ ಮಾದರಿಗಳನ್ನು ಹೀಗೆ ಸಲ್ಲಿಸುವುದಾದರೆ ಅರ್ಜಿಯ ನಮೂನೆಯನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ.